ಓಬಣ್ಣನ ಕಾಲಿಗೆ ತಾಳ ಇಲ್ಲ ಎಂದವಳು ನಾನು

ಕೊರೊನಾ ಕಳೆದು ಎರಡನೇ ವರ್ಷ. ಸಿನಿಮಾದಲ್ಲಿ ನೃತ್ಯ ನಿರ್ದೇಶಕಿಯಾಗಿ ನಾನು ಆಗ ಇಪ್ಪತ್ತೆಂಟು ವರ್ಷ ಮುಗಿಸಿದ್ದೆ. ಹಾಡಿಗೆ ಹೆಜ್ಜೆ ಕೂಡಿಸಿ, ನಟರಿಗೆ ಕಲಿಸಿ, ಕ್ಯಾಮೆರಾ ಮುಂದೆ ಕುಣಿಸುವುದು ನನ್ನ ಕೆಲಸ. ನೆಟ್ಟಗೆ ನಡೆಯಲೂ ಬಾರದ ನಾಯಕರನ್ನು ಕುಣಿಸಿ ಅವರಿಗೆ ಶಿಳ್ಳೆ ಗಿಟ್ಟಿಸಿಕೊಟ್ಟವಳು ಎಂಬ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು. ಈಗ ಹೇಳುವ ಸಂಗತಿ ಬರೆಯಲು ಕೂತರೆ ಇವತ್ತಿಗೂ ಮೈ ಉರಿಯುತ್ತದೆ. ಅರ್ಧ ಉರಿ ಬೇರೆಯವರ ಮೇಲೆ, ಅರ್ಧ ನನ್ನ ಮೇಲೆ.

ಆ ಸಿನಿಮಾದ ನಿರ್ದೇಶಕರು ಹೊರದೇಶದಲ್ಲಿ ಓದಿ ಬಂದವರು. ಅಲ್ಲಿ ಆಪೆರಾ ನೋಡಿ ಮರುಳಾಗಿದ್ದರು. ಆಪೆರಾ ಎಂದರೆ ಕಥೆಯೆಲ್ಲ ಹಾಡಿನಲ್ಲೇ ನಡೆಯುವ ನಾಟಕ. "ನಮ್ಮಲ್ಲೂ ಇಂಥದ್ದು ಇದೆಯಾ ಮೇಡಂ?" ಎಂದು ಕೇಳಿದಾಗ ನನಗೆ ನಗು ಬಂತು. ನಾನು ಹೊನ್ನಾಳಿಯವಳು. ನಮ್ಮ ಕಡೆ ಬಯಲಾಟ ನೋಡದೆ ಬೆಳೆದವರು ಯಾರು? ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಮೇಳಕ್ಕೆ ಅವರನ್ನು ಕರೆದುಕೊಂಡು ಹೋದೆ. ಆ ಊರಿನವರು ತಲೆಮಾರುಗಳಿಂದ ಆಡುವ ಒಂದು ಆಟ ಇತ್ತು. ಯುದ್ಧಕ್ಕೆ ಹೋದ ರಾಜ ಹನ್ನೆರಡು ವರ್ಷದ ಮೇಲೆ ಮರಳಿ ಬಂದು, ಹೆಂಡತಿಯನ್ನು ಗುರುತೇ ಇಲ್ಲ ಎನ್ನುತ್ತಾನೆ. ರಾಣಿ ತುಂಬಿದ ಸಭೆಗೆ ನುಗ್ಗಿ, ಕುಣಿಯುತ್ತಲೇ ಅವನನ್ನು ಪ್ರಶ್ನಿಸುತ್ತಾಳೆ. ನಿರ್ದೇಶಕರು ಅಲ್ಲೇ ಕೈ ಚಾಚಿ, ಇದನ್ನೇ ಸಿನಿಮಾ ಮಾಡೋಣ ಎಂದರು.

ರಾಣಿಯ ವೇಷ ಓಬಣ್ಣನವರದು. ಅರವತ್ತರ ಹತ್ತಿರದ ಗಂಡಸು, ಊರಲ್ಲಿ ಟೈಲರ್. ಮೂವತ್ತೆಂಟು ವರ್ಷದಿಂದ ಆ ವೇಷ ಬೇರೆಯವರ ಮೈಮೇಲೆ ಹೋಗಿರಲಿಲ್ಲ. ಪ್ರತಿ ವರ್ಷ ಆಟಕ್ಕೆ ಮೊದಲು ಊರಿನ ಹಿರಿಯರು ವೇಷಧಾರಿಗಳನ್ನು ಕೂರಿಸಿ ವೀಳ್ಯ ಕೊಡುತ್ತಾರೆ. ವೀಳ್ಯ ಸಿಕ್ಕರೆ ವೇಷ, ಇಲ್ಲದಿದ್ದರೆ ಮನೆ. ಓಬಣ್ಣನವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಲೋಕದಲ್ಲಿ ಇರಲಿಲ್ಲ. ಸಿನಿಮಾದಲ್ಲೂ ರಾಣಿ ಅವರೇ ಎಂದು ನಾನೇ ಹಟ ಹಿಡಿದು ಒಪ್ಪಿಸಿದೆ.

ಸಿನಿಮಾದಲ್ಲಿ ಹಾಡು ಮೊದಲು ತಯಾರಾಗುತ್ತದೆ. ಸ್ಟುಡಿಯೋದಲ್ಲಿ ಗಾಯಕರ ಕಿವಿಗೆ ಟಿಕ್ ಟಿಕ್ ಎಂದು ಅಳತೆಯ ಸದ್ದು ಬಿಟ್ಟು, ಅದಕ್ಕೆ ಕೂದಲೆಳೆ ತಪ್ಪದಂತೆ ಹಾಡಿಸುತ್ತಾರೆ. ಆಮೇಲೆ ಅದನ್ನು ಸ್ಪೀಕರಿನಲ್ಲಿ ಹಾಕಿ ಕುಣಿಸುವುದು. ಇದಕ್ಕೆ ಪ್ಲೇಬ್ಯಾಕ್ ಎನ್ನುತ್ತೇವೆ. ಈ ಆಟದ ಹಾಡುಗಳನ್ನೂ ಹಾಗೆಯೇ ಬೆಂಗಳೂರಿನಲ್ಲಿ ಮುಗಿಸಿಕೊಂಡು, ನ್ಯಾಮತಿಯ ಒಂದು ಕಲ್ಯಾಣಮಂಟಪದಲ್ಲಿ ರಿಹರ್ಸಲ್ ಇಟ್ಟೆವು.

ಮೊದಲ ದಿನವೇ ಓಬಣ್ಣನವರ ಹೆಜ್ಜೆ ಹಾಡಿಗೆ ಕೂಡಲಿಲ್ಲ. ಎರಡು ಏಟು ಹಿಂದೆ, ಇಲ್ಲವೇ ಮೂರು ಏಟು ಮುಂದೆ. ಎರಡನೇ ದಿನ, ಮೂರನೇ ದಿನವೂ ಅದೇ ಕಥೆ. ನಿರ್ದೇಶಕರು ಗಡಿಯಾರ ನೋಡತೊಡಗಿದರು. ನನ್ನ ಆಯ್ಕೆ ತಪ್ಪು ಎಂದಾಗುತ್ತದಲ್ಲ ಎಂದು ನನಗೆ ರೇಗಿಹೋಯಿತು. ಮೇಳದವರು, ಲೈಟಿನವರು, ಊಟ ಬಡಿಸುವವರು, ನಲವತ್ತು ಜನ ನೋಡುತ್ತಿದ್ದಾಗ ಸ್ಪೀಕರ್ ನಿಲ್ಲಿಸಿ ಅಂದೆ: "ಮೂವತ್ತೆಂಟು ವರ್ಷ ಏನ್ ಕುಣಿದ್ರಿ ಓಬಣ್ಣಾರೆ? ನಿಮ್ಮ ಕಾಲಿಗೆ ತಾಳಾನೇ ಇಲ್ಲ."

ಓಬಣ್ಣನವರು ಗೆಜ್ಜೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತರು. ಮಾತಾಡಿದ್ದು ಮದ್ದಳೆಯ ಖಾದರ್ ಸಾಬ್. ತ್ಯಾವಣಿಗೆಯವರು, ಆ ಮೇಳಕ್ಕೆ ಇಪ್ಪತ್ತು ವರ್ಷದಿಂದ ಮದ್ದಳೆ ನುಡಿಸುವವರು. ಸಿನಿಮಾದಲ್ಲಿ ಅವರಿಗೆ ಮದ್ದಳೆ ಹಿಡಿದು ನುಡಿಸಿದಂತೆ ಮಾಡುವ ಕೆಲಸ ಕೊಟ್ಟಿದ್ದೆವು.

"ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ನಾನು ಬಾರ್ಸೋವಾಗ ಇವ್ರ ಹಿಮ್ಮಡಿ ನೋಡ್ಕೊಂಡೇ ಬಾರ್ಸೋದು. ಹಾಡೋ ಭಾಗವತ್ರೂ ಅಷ್ಟೇಯ, ಇವ್ರು ಹಿಮ್ಮಡಿ ಊರೋಗಂಟ ಕಡೇ ಸಾಲು ಬಿಡಾಂಗಿಲ್ಲ. ಆ ಡಬ್ಬಿಗೆ ಕಣ್ಣು ಐತೇನ್ರಿ, ಇವ್ರ ಕಾಲು ನೋಡಾಕೆ?"

ಡಬ್ಬಿ ಎಂದರೆ ನಮ್ಮ ಸ್ಪೀಕರು. ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ಚಿಕ್ಕಂದಿನಿಂದ ನೋಡಿದ ಆಟ! ರಾಣಿಗೆ ಸಿಟ್ಟು ಏರಿದರೆ ಸಾಲು ಉದ್ದವಾಗುತ್ತದೆ, ದುಃಖ ಬಂದರೆ ಮದ್ದಳೆ ಕಾಯುತ್ತದೆ. ಹಾಡಿನ ಹಿಂದೆ ಕಾಲು ಹೋಗುವುದಲ್ಲ, ಕಾಲಿನ ಹಿಂದೆ ಹಾಡು ಬರುವುದು. ಸಿನಿಮಾದ ಅಭ್ಯಾಸದಲ್ಲಿ ನಾನು ಅದನ್ನು ತಿರುವಿ ಹಾಕಿ, ಅದರಿಂದ ಎಡವಿದವರನ್ನೇ ಬೈದಿದ್ದೆ. ಆದರೂ ಅವತ್ತು ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. "ಆಯ್ತು, ನೋಡೋಣ" ಎಂದು ಎದ್ದುಹೋದೆ.

ನಿರ್ದೇಶಕರ ಜೊತೆ ಜಗಳವಾಡಿ ಒಂದು ದಾರಿ ಮಾಡಿದೆ. ಸಭೆಯ ದೃಶ್ಯವನ್ನು ಮಾತ್ರ ಪ್ಲೇಬ್ಯಾಕ್ ಇಲ್ಲದೆ, ಮೇಳದ ಹಾಡು ಮದ್ದಳೆಯನ್ನು ಅಲ್ಲೇ ರೆಕಾರ್ಡ್ ಮಾಡುತ್ತ ತೆಗೆಯುವುದು, ಆ ಸದ್ದನ್ನೇ ಸಿನಿಮಾದಲ್ಲಿ ಇಡುವುದು. ಅವರು ನನ್ನ ಕೈ ಕುಲುಕಿ ಒಪ್ಪಿದರು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಹೊರಗೆ, ಮೆಕ್ಕೆಜೋಳ ಒಕ್ಕಿ ಖಾಲಿಯಾಗಿದ್ದ ಕಣದಲ್ಲಿ ಬೆಳಿಗ್ಗೆ ಎಂಟಕ್ಕೆ ಕ್ಯಾಮೆರಾ ಇಟ್ಟೆವು. ಓಬಣ್ಣನವರು ಕಿರೀಟ ಕಟ್ಟಿ ಒಳಗೆ ಬಂದರು. ಒಂದೇ ಟೇಕ್, ಒಂಬತ್ತು ನಿಮಿಷ. ಸಾಲಿನ ಕೊನೆಯಲ್ಲಿ ಅವರು ಒಂದು ಕಾಲು ಎತ್ತಿ ಸುಮ್ಮನೆ ನಿಂತುಬಿಟ್ಟರು. ಭಾಗವತರ ದನಿ ಕಾಯಿತು, ಖಾದರ್ ಸಾಬರ ಕೈ ಗಾಳಿಯಲ್ಲಿ ಕಾಯಿತು. ಹಿಮ್ಮಡಿ ನೆಲಕ್ಕೆ ಬಿದ್ದಾಗ ಮೂರೂ ಒಟ್ಟಿಗೆ ಬಿದ್ದವು. ಲೈಟಿನ ಹುಡುಗಿಯೊಬ್ಬಳು ಬಿಕ್ಕಿದ್ದು ಕೇಳಿಸಿತು. ನನ್ನ ಜನ್ಮದಲ್ಲಿ ಅಂಥ ತಾಳ ನಾನು ನೋಡಿಲ್ಲ.

ಮುಂದಿನದು ಬರೆಯಲು ನಾಚಿಕೆ. ಎಡಿಟಿಂಗ್ ನಡೆಯುವಾಗ ನಾನು ಬೇರೊಂದು ಶೂಟಿಂಗಿನಲ್ಲಿದ್ದೆ. ಬಂದು ನೋಡಿ ಎಂದು ನಿರ್ದೇಶಕರು ಕರೆದರು, ಹೋಗಲಿಲ್ಲ. ಆ ದೃಶ್ಯದ, ಇನ್ನೂ ಸದ್ದು ಸೇರಿಸದ ಒಂದು ತುಣುಕನ್ನು ಮೊಬೈಲಿಗೆ ಕಳಿಸಿದರು. ಚೆನ್ನಾಗಿ ಕಂಡಿತು. ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಕಳಿಸಿ ಕೈ ತೊಳೆದುಕೊಂಡೆ.

ಸಿನಿಮಾ ಬಿಡುಗಡೆಯಾದಾಗ ಚನ್ನಗಿರಿಯ ಚಿತ್ರಮಂದಿರದಲ್ಲಿ ಓಬಣ್ಣನವರ ಪಕ್ಕ ಕೂತು ನೋಡಿದೆ. ಸಭೆಯ ದೃಶ್ಯ ಬಂತು. ಕಾಲು ಕಣದ್ದು, ಹಾಡು ಸ್ಟುಡಿಯೋದ್ದು! ನಮ್ಮ ಮೇಳದ ಸದ್ದನ್ನೆಲ್ಲ ಕಿತ್ತುಹಾಕಿ, ಅಳತೆಯ ಹಾಡನ್ನು ಮೇಲೆ ಹೇರಿದ್ದರು. ರಾಣಿ ಕಾಲೆತ್ತಿ ಕಾಯುತ್ತಾಳೆ, ಹಾಡು ಕಾಯದೆ ಓಡುತ್ತದೆ. ಹಿಮ್ಮಡಿ ಬೀಳುವ ಹೊತ್ತಿಗೆ ಇನ್ನೊಂದು ಸಾಲು ಶುರುವಾಗಿರುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇನ್ನೊಬ್ಬರು "ವಯಸ್ಸಾತು ಬಿಡಪ್ಪ" ಅಂದರು. ಓಬಣ್ಣನವರು ಎದ್ದು ಹೋಗಲಿಲ್ಲ. ಕೊನೆವರೆಗೂ ಕೂತು ನೋಡಿದರು.

ಹೊರಗೆ ಬಂದು ನಿರ್ದೇಶಕರಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. "ಸ್ಟುಡಿಯೋ ಸೌಂಡ್ ಕ್ಲೀನ್ ಇತ್ತು ಮೇಡಂ. ನೀವೂ ಓಕೆ ಮಾಡಿದ್ರಲ್ಲ?" ಎಂದರು. ಕ್ಲೀನಂತೆ! ಒಬ್ಬ ಮನುಷ್ಯನ ಮೂವತ್ತೆಂಟು ವರ್ಷವನ್ನು ಒರೆಸಿಹಾಕಿದರೆ ಎಲ್ಲವೂ ಕ್ಲೀನಾಗಿಯೇ ಇರುತ್ತದೆ. ಆದರೆ ಓಕೆ ಮಾಡಿದವಳು ನಾನೇ.

ಎರಡು ತಿಂಗಳ ಮೇಲೆ ಖಾದರ್ ಸಾಬ್ ಫೋನು ಮಾಡಿದರು. "ಸಿನಿಮಾ ನೋಡಿದ್ ಹುಡುಗ್ರು ಊರಲ್ಲಿ ಗಲಾಟೆ ಎಬ್ಸ್ಯಾರೆ ಮೇಡಂ. ಓಬಣ್ಣಗೆ ತಾಳ ತಪ್ಪೈತಂತೆ, ಈ ಸಲ ವೀಳ್ಯ ಬ್ಯಾರೆಯೋರಿಗೆ ಅಂತಾರೆ. ನಾಳೆ ಸೇರ್ತಾರೆ."

ಕಣದಲ್ಲಿ ನನ್ನ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ವಿಡಿಯೋ ಇತ್ತು, ಮೇಳದ ಸದ್ದಿನ ಸಮೇತ. ಬೆಳಿಗ್ಗೆ ಕಾರು ಹತ್ತಿದೆ. ಊರಿನ ಸಮುದಾಯ ಭವನದಲ್ಲಿ ಜಮಖಾನ ಹಾಸಿ ಎಪ್ಪತ್ತು ಎಂಬತ್ತು ಜನ ಕೂತಿದ್ದರು. ಮಧ್ಯೆ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ. ಓಬಣ್ಣನವರು ಗೋಡೆಗೆ ಒರಗಿದ್ದರು. ನಾನು ಮೊಬೈಲ್ ತೆಗೆದು, "ಇದನ್ನ ಒಂದ್ ಸಲ ನೋಡ್ರಿ" ಎಂದು ಶುರು ಮಾಡಿದೆ.

"ಮೊಬೈಲ್ ಒಳಗಿಡ್ರಿ ಮೇಡಂ" ಎಂದರು ಓಬಣ್ಣ. ದನಿ ಏರಿಸಲಿಲ್ಲ. "ನಾನು ಹೆಂಗೆ ಕುಣಿತೀನಿ ಅಂತ ಇವ್ರು ಕಣ್ಣಾರೆ ನೋಡ್ಯಾರೆ. ನ್ಯಾಮತಿಯಾಗೆ ನೀವು ಒಂದ್ ಮಾತು ಅಂದ್ರಿ. ಅದ್ನ ಹೇಳಾಕೆ ನಿಮಗೆ ಯಾವ ಮೊಬೈಲೂ ಬೇಕಾಗಿರ್ಲಿಲ್ಲ. ತಪ್ಪು ಯಾರ್ದು ಅಂತ ಇವತ್ತೂ ಬಾಯಾಗೇ ಹೇಳ್ರಿ."

ಹೇಳಿದೆ. ನ್ಯಾಮತಿಯಲ್ಲಿ ಅಂದದ್ದು, ಖಾದರ್ ಸಾಬರು ತಿದ್ದಿದ್ದು, ಆಮೇಲೂ ತಪ್ಪೊಪ್ಪದೆ ಎದ್ದುಹೋದದ್ದು, ಸದ್ದಿಲ್ಲದ ತುಣುಕಿಗೆ ಓಕೆ ಎಂದದ್ದು, ಒಂದನ್ನೂ ಬಿಡದೆ ಹೇಳಿದೆ. ಯಾರೂ ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಹಿರಿಯರೊಬ್ಬರು ತಟ್ಟೆ ಎತ್ತಿಕೊಂಡು ಹೋಗಿ ಓಬಣ್ಣನವರ ಮುಂದೆ ಹಿಡಿದರು. ಅವರು ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ನನ್ನ ಕಡೆ ತಿರುಗಿ ನೋಡಲಿಲ್ಲ. ಆ ವರ್ಷದ ಆಟಕ್ಕೆ ನನ್ನನ್ನು ಕರೆಯಲೂ ಇಲ್ಲ. ಸರಿಯಾಗಿಯೇ ಮಾಡಿದರು.

ಆ ನಂತರ ನಾನು ಮೂರು ಸಿನಿಮಾ ಮಾಡಿ ಕೆಲಸ ಬಿಟ್ಟೆ. ಆ ಮೂರರಲ್ಲೂ ಯಾರದಾದರೂ ಹೆಜ್ಜೆ ತಪ್ಪಿದರೆ ಮೊದಲು ಹಾಡು ನಿಲ್ಲಿಸುತ್ತಿದ್ದೆ. ಈ ಹಾಡನ್ನು ಯಾರ ಕಾಲು ನೋಡಿ ಹಾಡಿದ್ದು ಎಂದು ಕೇಳುತ್ತಿದ್ದೆ. ಯಾರ ಕಾಲನ್ನೂ ನೋಡಿಲ್ಲ ಎಂದರೆ, ಕುಣಿಯುವವರನ್ನು ಬೈಯುವ ಹಕ್ಕು ನನಗಿಲ್ಲ.