ಅವಧಿಗೆ ಮುಂಚೆ

ಅನಂತರಾಮು ಕರುಣೆಯಿಲ್ಲದ ಮನುಷ್ಯ. ಜಿಪುಣನೆಂದರೆ ರಿಯಾಯಿತಿ ತೋರಿಸಿದಂತಾಗುತ್ತದೆ. ಜಿಪುಣನಿಗೆ ಹಣದ ಮೇಲಾದರೂ ಆಸೆ ಇರುತ್ತದೆ, ಇವನಿಗಿದ್ದದ್ದು ನಿಯಮದ ಮೇಲೆ. ಹೆಂಡತಿ ಅಮ್ಮಣ್ಣಿ ಈ ತೀರ್ಮಾನಕ್ಕೆ ಬಂದದ್ದು ತೊಂಬತ್ತೇಳರ ಬೇಸಿಗೆಯಲ್ಲಿ, ಅವರ ನಾಯಿ ಜೂಲಿ ಸತ್ತಾಗ.

ಜೀವನ್‌ಬಿಮಾನಗರದಲ್ಲಿ ಮನೆ, ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ. ಅವನ ಮೇಜು ಸರೆಂಡರಿನದು. ಮದುವೆಗೋ ಆಸ್ಪತ್ರೆಗೋ ದುಡ್ಡು ಸಾಲದೆ ಪಾಲಿಸಿಯನ್ನು ಅವಧಿಗೆ ಮುಂಚೆ ಮುರಿಸುವವರೆಲ್ಲ ಅವನೆದುರಿಗೇ ಬಂದು ನಿಲ್ಲುತ್ತಿದ್ದರು. ಕಟ್ಟಿದ್ದಕ್ಕಿಂತ ಕಡಿಮೆ ಪಡೆದು ಹಿಂತಿರುಗುವ ಆ ಮುಖಗಳನ್ನು ವರ್ಷಗಟ್ಟಲೆ ನೋಡಿದವನಿಗೆ ಮುರಿಸುವುದಕ್ಕಿಂತ ದೊಡ್ಡ ಮೂರ್ಖತನವಿರಲಿಲ್ಲ.

ಜೂಲಿ ಮರಿಯಾಗಿ ಬಂದ ವಾರವೇ ಅವನು ಬ್ಯಾಂಕಿನಲ್ಲಿ ತಿಂಗಳ ಕಂತಿನ ಠೇವಣಿ ತೆರೆದ.

“ನಾಯಿಗೂ ಮುಪ್ಪು ಬರುತ್ತೆ ಕಣೇ. ಆಗ ಡಾಕ್ಟ್ರಿಗೆ ಯಾರು ಕೊಡ್ತಾರೆ?”

ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಯಾರದಾದರೂ ಒಂದು ಸಹಿ ಸಾಕು. ಕಚೇರಿಯಲ್ಲಿ, “ಏನ್ ರಾಮು, ನಾಯಿಗೆ ನಾಮಿನಿ ಯಾರಪ್ಪಾ?” ಎಂದು ನಕ್ಕರು. ಖರ್ಚಿಗೆ ದಾರಿ ಮಾಡಿದವನು ಡಾಕ್ಟರನ್ನು ಮಾತ್ರ ಹುಡುಕಿಡಲಿಲ್ಲ. ಅದು ಅಮ್ಮಣ್ಣಿಗೂ ಹೊಳೆಯಲಿಲ್ಲ.

ಜೂಲಿ ಅನ್ನ ಬಿಟ್ಟು, ಹೊಟ್ಟೆ ಉಬ್ಬಿ ಮಲಗಿದಾಗ ಹಾಲಿನ ಮುನಿನಾರಾಯಣಪ್ಪನನ್ನು ಕೇಳಿದರು. ಅವನು ಗರುಡಾಚಾರ್‌ಪಾಳ್ಯದಿಂದ ಹಸುಗಳಿಗೆ ಸೂಜಿ ಹಾಕುವವನೊಬ್ಬನನ್ನು ಕರೆತಂದ. “ಹೀಟು ಕಣವ್ವಾ, ಮಜ್ಜಿಗೆ ಕುಡಿಸಿ,” ಎಂದು ಅವನು ಸೂಜಿ ಹಾಕಿ ಹೋದ. ನಾಯಿ ಮತ್ತೂ ಕುಗ್ಗಿತು. ಕೊನೆಗೆ ದಾರಿ ತೋರಿಸಿದವನು ಮೂಲೆಯ ಸ್ಟ್ಯಾಂಡಿನ ಆಟೋ ಅಸ್ಗರ್.

“ಹಲಸೂರಲ್ಲಿ ನಾಯೀದೇ ಡಾಕ್ಟ್ರು ಅವ್ರಲ್ಲಮ್ಮಾ. ನನ್ನ ಕೇಳೋದಲ್ವಾ?”

ಹಲಸೂರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. “ಗರ್ಭಚೀಲದಲ್ಲಿ ಕೀವು ತುಂಬಿದೆ. ನಾಳೆಯೇ ಆಪರೇಷನ್ ಮಾಡಿ ತೆಗೀಬೇಕು,” ಎಂದು ಖರ್ಚು ಹೇಳಿದರು.

“ಅದರ ಖಾತೆ ಇದೆಯಲ್ಲಾ ರೀ,” ಎಂದಳು ಅಮ್ಮಣ್ಣಿ.

“ಅವಧಿಗೆ ಇನ್ನೂ ವರ್ಷ ಇದೆ. ಸೋಮವಾರ ಸಂಬಳ ಆಗುತ್ತೆ, ಆಗ ಮಾಡಿಸೋಣ.”

“ಬಳೆ ಅಡ ಇಡ್ತೀನಿ.”

“ಅದರ ಬಡ್ಡಿ ನಿಮ್ಮಪ್ಪ ಕಟ್ತಾರಾ?”

ಬ್ಯಾಂಕು ಎರಡು ಬೀದಿಯಾಚೆಗಿತ್ತು, ಅಮ್ಮಣ್ಣಿಯ ಸಹಿಯೂ ನಡೆಯುತ್ತಿತ್ತು. ಅವಳು ಹೋಗಲಿಲ್ಲ. ಭಾನುವಾರ ಜೂಲಿ ಸತ್ತಿತು.

ಮುಂದಿನ ತಿಂಗಳೂ ಅನಂತರಾಮು ತಪ್ಪದೆ ಕಂತು ಕಟ್ಟಿ ಬಂದ.

“ಇನ್ನು ಯಾರಿಗ್ರೀ ಅದು?”

“ಅವಧಿ ಮುಗೀಬೇಕಲ್ಲ.”

ಅವಳು ಅವನೊಂದಿಗೆ ಅಗತ್ಯವಿದ್ದಷ್ಟೇ ಮಾತಾಡತೊಡಗಿದಳು. ತನ್ನ ಸಹಿಯ ವಿಷಯ ಅವಳು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವನ ಮೇಲಿನ ಕೋಪ ಎಲ್ಲಿ ಮುಗಿಯುತ್ತದೆ, ತನ್ನ ಮೇಲಿನದು ಎಲ್ಲಿ ಶುರುವಾಗುತ್ತದೆ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ಗೇಟಿನೆದುರು ನೀರಿನ ಟ್ಯಾಂಕರು ಬೀದಿಯ ಕೆಂದು ನಾಯಿಯ ಕಾಲಿನ ಮೇಲೆ ಹರಿಯಿತು. ಅನಂತರಾಮು ದಿನವೂ ಛತ್ರಿಯಿಂದ ಗದರಿಸಿ ಓಡಿಸುತ್ತಿದ್ದ ನಾಯಿ ಅದು. ಕಚೇರಿಗೆ ಹೊರಟಿದ್ದವನು ಛತ್ರಿ ಕೆಳಗಿಟ್ಟು ಅದನ್ನು ಎತ್ತಿಕೊಂಡ. ಅಮ್ಮಣ್ಣಿ ಚಪ್ಪಲಿ ಹಾಕದೆಯೇ ಓಡಿಬಂದು ಅವನೊಂದಿಗೆ ಅಸ್ಗರನ ಆಟೋ ಹತ್ತಿದಳು.

“ಹಲಸೂರಾ ಸಾರ್?” ಎಂದ ಅಸ್ಗರ್.

“ಮೊದಲು ಬ್ಯಾಂಕು.”

ನಾಯಿಯನ್ನು ಅಸ್ಗರನ ಕಾವಲಿನಲ್ಲಿ ಬಿಟ್ಟು ಇಬ್ಬರೂ ಒಳಗೆ ಹೋದರು. ಅವನ ಜೇಬಿನಲ್ಲಿ ಸದಾ ಇರುತ್ತಿದ್ದ ಪಾಸ್‌ಬುಕ್ಕನ್ನು ಕೌಂಟರಿನ ಹುಡುಗಿ ನೋಡಿದಳು. “ಸಾರ್, ಇನ್ನೊಂದೇ ಕಂತಿದೆ. ಮುಂದಿನ ತಿಂಗಳು ಬಂದ್ರೆ ಪೂರ್ತಿ ಬಡ್ಡಿ ಸಿಗುತ್ತೆ. ಈಗ ಮುರಿಸಿದ್ರೆ ಲಾಸು.”

“ಗೊತ್ತಮ್ಮಾ. ಮುರೀರಿ.”

ಅವನು ಹಾಕಿದ ಸಹಿ ಬ್ಯಾಂಕಿನಲ್ಲಿದ್ದ ಹಳೆಯದಕ್ಕೆ ಹೊಂದಲಿಲ್ಲ, ಎರಡನೆಯದೂ ಹೊಂದಲಿಲ್ಲ. ಅನಂತರಾಮು ಅಮ್ಮಣ್ಣಿಯ ಮುಖ ನೋಡದೆ ಪೆನ್ನನ್ನು ಅವಳತ್ತ ಚಾಚಿದ.