ಬ್ಯಾಟಿಗೆ ಹಚ್ಚಿದ ವಿಭೂತಿ

ವಿಭೂತಿ ಹಚ್ಚದೆ ಮನೆಯಲ್ಲಿ ಯಾವ ವಸ್ತುವನ್ನೂ ಬಳಸಬಾರದು ಎನ್ನುವುದು ನಮ್ಮ ಅಜ್ಜಿಯ ಕಟ್ಟಳೆ. ಹೊಸ ಕುಕ್ಕರ್, ಅಪ್ಪನ ಸೈಕಲ್, ನನ್ನ ಜ್ಯಾಮಿಟ್ರಿ ಬಾಕ್ಸ್, ಎಲ್ಲದರ ಮೇಲೂ ಅವಳ ಮೂರು ಬೆರಳಿನ ಬಿಳಿ ಗೆರೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅದೇನೂ ವಿಶೇಷವಲ್ಲ. ಆಯುಧಪೂಜೆಯ ದಿನ ಅಲ್ಲಿ ದೊಡ್ಡ ದೊಡ್ಡ ಕ್ರೇನುಗಳೇ ಕುಂಕುಮ ಹಚ್ಚಿಸಿಕೊಂಡು ನಿಲ್ಲುತ್ತಿದ್ದವು.

ಅಪ್ಪ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ಶಿಫ್ಟ್ ಮುಗಿದ ಮೇಲೆ ಕ್ಲಬ್ಬಿಗೆ ಹೋಗಿ ಟೇಬಲ್ ಟೆನಿಸ್ ಆಡುತ್ತಿದ್ದರು. ಅವರ ಹಿಂದೆ ನಾನು. ಹಸಿರು ಟೇಬಲ್ಲಿನ ಮೇಲೆ ಯಾವಾಗಲೂ ಕಾರ್ಖಾನೆಯ ಕರಿ ಧೂಳು ಕೂತಿರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುವ ಕೆಲಸ ನನ್ನದು. ಒರೆಸಿದ್ದಕ್ಕೆ ಕೊನೆಯಲ್ಲಿ ನನಗೂ ಒಂದಿಷ್ಟು ಹೊತ್ತು ಆಟ. ಹಾಗೆ ಕಲಿತವಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಜಿಲ್ಲೆಯ ಹುಡುಗಿಯರಲ್ಲಿ ಮೊದಲನೆಯವಳಾಗಿದ್ದೆ.

ಆಗಲೇ, ತೊಂಬತ್ತರ ದಶಕದಲ್ಲಿ, ಚೀನಾದ ಹುಡುಗಿಯರ ತಂಡವೊಂದು ಸ್ನೇಹಪಂದ್ಯಕ್ಕೆಂದು ಶಿವಮೊಗ್ಗಕ್ಕೆ ಬಂತು. ನಮ್ಮ ಜಿಲ್ಲೆಯ ಪರವಾಗಿ ಆಡುವವಳು ನಾನು ಎಂದು ಗೊತ್ತಾದ ದಿನ ಕ್ಲಬ್ಬಿನಲ್ಲಿ ಎಲ್ಲರೂ ನಕ್ಕರು. ತಪ್ಪೇನಿಲ್ಲ, ಚೀನಾದವರನ್ನು ಗೆಲ್ಲುವುದು ನಮ್ಮ ದೇಶದ ದೊಡ್ಡ ಆಟಗಾರರಿಗೇ ಆಗದ ಮಾತಾಗಿತ್ತು.

"ಅವ್ರ ಮಕ್ಳು ಹುಟ್ಟೋವಾಗ್ಲೇ ಬ್ಯಾಟ್ ಹಿಡ್ಕೊಂಡು ಬರ್ತಾವೆ ಮಾರಾಯ," ಎಂದರು ಕಾರ್ಖಾನೆಯ ಕ್ರೇನ್ ಓಡಿಸುವ ಅಪ್ಪನ ಗೆಳೆಯರು, ಕ್ರೇನ್ ಮಾಮ. ಅವರ ಮೀಸೆ ಇಡೀ ಕ್ವಾರ್ಟರ್ಸಿಗೆ ಪ್ರಸಿದ್ಧ. "ನಿನ್ನ ಮಗ್ಳು ಒಂದೇ ಒಂದು ಗೇಮ್ ತಗೊಳ್ಳಿ, ಈ ಮೀಸೆ ಬೋಳಿಸ್ತೀನಿ."

"ಬ್ಲೇಡ್ ನಾನೇ ತಂದ್ಕೊಡ್ತೀನಿ," ಎಂದರು ಅಪ್ಪ.

ಮನೆಯಲ್ಲಿ ಅಮ್ಮನ ಯೋಚನೆ ಬೇರೆ. ಮುಂದೆ ಎಸ್ಸೆಸ್ಸೆಲ್ಸಿ ಇತ್ತು, ಗಣಿತದಲ್ಲಿ ನನ್ನ ಗತಿ ಅವಳಿಗೆ ಗೊತ್ತಿತ್ತು. "ಒಂದು ಗೇಮಾದ್ರೂ ಗೆದ್ದು ಬರ್ಲಿ, ಆಮೇಲೆ ಎಷ್ಟು ಆಡಿದ್ರೂ ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಬ್ಯಾಟು ಅಟ್ಟಕ್ಕೆ. ನೀವೂ ಮಾತು ಕೊಡಿ," ಎಂದಳು. ಅಪ್ಪ ನನ್ನ ಮುಖ ನೋಡಿ ಕೊಟ್ಟುಬಿಟ್ಟರು. ಅವತ್ತಿನಿಂದ ದೇವರ ಮುಂದೆ ಕೂತಾಗಲೆಲ್ಲ ನಾನು ಕೇಳಿಕೊಂಡದ್ದು ಒಂದೇ. ಗೆಲುವು ಬೇಡ, ಮೂರರಲ್ಲಿ ಒಂದು ಗೇಮ್ ಕೊಡು ತಂದೆ.

ಪಂದ್ಯದ ದಿನ ಮನೆಮಂದಿಯೆಲ್ಲ ಬಸ್ ಹತ್ತಿದೆವು, ಕ್ರೇನ್ ಮಾಮನೂ ಬಂದರು. ಮಾಚೇನಹಳ್ಳಿ ದಾಟುವಾಗ ಅಜ್ಜಿ ನನ್ನ ಕಿವಿಯಲ್ಲಿ, "ಹೆದರ್ಬೇಡ ಕೂಸೇ, ನಾನು ಎಲ್ಲಾ ಮಾಡಿದ್ದೀನಿ," ಎಂದಳು. ಏನು ಮಾಡಿದ್ದಾಳೆಂದು ನಾನು ಕೇಳಲಿಲ್ಲ. ಹರಕೆ ಕಟ್ಟಿರಬೇಕು ಎಂದುಕೊಂಡೆ.

ಆಟ ಶುರುವಾಗುವ ಮುಂಚೆ ಇಬ್ಬರೂ ಬ್ಯಾಟ್ ಬದಲಾಯಿಸಿ ನೋಡುವುದು ಪದ್ಧತಿ. ಎದುರಾಳಿಯ ರಬ್ಬರು ಎಂಥದ್ದು ಎಂದು ತಿಳಿಯಲಿ ಅಂತ. ಚೀನಾದ ಹುಡುಗಿ ನನಗಿಂತ ಗಿಡ್ಡ, ಕಿವಿಯ ತನಕ ಕತ್ತರಿಸಿದ ಕೂದಲು. ನನ್ನ ಬ್ಯಾಟನ್ನು ಕವರಿನಿಂದ ತೆಗೆದು ಕೆಂಪು ಬದಿಯ ಮೇಲೆ ಹೆಬ್ಬೆರಳು ಎಳೆದಳು. ಬೆರಳು ಬೆಳ್ಳಗಾಯಿತು. ಅದನ್ನು ನೋಡಿದಳು, ಮೂಸಿದಳು, ಆಮೇಲೆ ನನ್ನನ್ನು ನೋಡಿದಳು.

ಕೆಂಪು ರಬ್ಬರಿನ ಮೇಲೆ ಅಡ್ಡಡ್ಡ ಮೂರು ಗೆರೆ. ರಬ್ಬರಿಗೆ ಅಂಟು ಇದ್ದರೇ ಚೆಂಡು ಹಿಡಿದು ತಿರುಗುವುದು. ಅದರ ಮೇಲೆ ಬೂದಿ ಕೂತರೆ ಚೆಂಡು ಜಾರಿ ಎಲ್ಲೆಲ್ಲೋ ಹೋಗುತ್ತದೆ.

"ಏನಮ್ಮ ಇದು, ಪೌಡರಾ?" ಅಂಪೈರ್ ಸಿಟ್ಟಾದರು.

ಮುಂದಿನ ಸಾಲಿನಲ್ಲೇ ಕೂತಿದ್ದ ಅಜ್ಜಿ ಎದ್ದು ನಿಂತಳು. "ಪೌಡರ್ ಅಲ್ಲಪ್ಪ, ವಿಭೂತಿ. ಪೂಜೆ ಮಾಡಿದ್ದು. ಒರೆಸ್ಬೇಡಿ."

ಜನ ನಕ್ಕರು. ಅಮ್ಮ ಸೆರಗು ಮುಖಕ್ಕೆ ಎಳೆದುಕೊಂಡಳು. ಆ ಹುಡುಗಿ ಮಾತ್ರ ನಗಲಿಲ್ಲ. ತನ್ನ ಚೀಲದಿಂದ ಒಂದು ಸಣ್ಣ ಬಾಟಲಿ, ಒಂದು ಸ್ಪಂಜು ತೆಗೆದಳು. ಎರಡು ಹನಿ ಹಾಕಿ, ಅಮ್ಮ ಮಗುವಿನ ಮುಖ ಒರೆಸಿದ ಹಾಗೆ ನನ್ನ ಬ್ಯಾಟನ್ನು ಮೇಲಿನಿಂದ ಕೆಳಕ್ಕೆ ಒರೆಸಿ, ಆರುವ ತನಕ ಗಾಳಿ ಬೀಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನನ್ನ ಬ್ಯಾಟು ಅಷ್ಟು ಶುಭ್ರವಾಗಿದ್ದದ್ದು ನನಗೆ ನೆನಪಿಲ್ಲ. ಒರೆಸದೆ ಸುಮ್ಮನಿದ್ದಿದ್ದರೆ ಅವಳ ಕೆಲಸ ಇನ್ನೂ ಸುಲಭವಾಗುತ್ತಿತ್ತು. ಶಿವ ಯಾರ ಕೈಯಲ್ಲಿ ಏನು ಮಾಡಿಸುತ್ತಾನೋ.

ಆಗ ಗೇಮ್ ಇಪ್ಪತ್ತೊಂದು ಪಾಯಿಂಟಿನದು. ಮೊದಲನೆಯದರಲ್ಲಿ ನನಗೆ ಸಿಕ್ಕಿದ್ದು ಆರು. ಅವಳ ಸರ್ವೀಸ್ ಯಾವ ಕಡೆ ತಿರುಗುತ್ತದೆಂದು ಗೊತ್ತಾಗುವಷ್ಟರಲ್ಲಿ ಚೆಂಡು ನೆಟ್ಟಿನಲ್ಲಿರುತ್ತಿತ್ತು. ಎರಡನೆಯ ಗೇಮಿನಲ್ಲಿ ಅಪ್ಪ ಕಲಿಸಿದಂತೆ ಅವಳ ಕೈ ನೋಡುವುದನ್ನು ಬಿಟ್ಟು ಚೆಂಡಿನ ಸದ್ದು ಕೇಳಿಸಿಕೊಂಡು ಆಡಿದೆ. ಚೆಂಡು ಮರಳಿತು, ಮತ್ತೂ ಮರಳಿತು. ನಾನು ಹದಿನೇಳು, ಅವಳು ಹದಿನಾರು. ಒಮ್ಮೆ ಕಣ್ಣೆತ್ತಿ ನೋಡಿದರೆ ಕ್ರೇನ್ ಮಾಮ ಅಂಗೈಯಿಂದ ಮೀಸೆ ಮುಚ್ಚಿಕೊಂಡು ಕೂತಿದ್ದರು.

ಅಲ್ಲಿಂದ ಅವಳು ಸರ್ವೀಸ್ ಬದಲಾಯಿಸಿದಳು. ಅಂಥದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ನನ್ನ ಹದಿನೇಳು ಹದಿನೇಳಾಗಿಯೇ ಉಳಿಯಿತು. ಮೂರರಲ್ಲಿ ಎರಡು ಗೇಮ್ ಅವಳದಾಗಿ ಪಂದ್ಯ ಮುಗಿಯಿತು.

ಕೈ ಕುಲುಕುವಾಗ ಅವಳ ಹೆಬ್ಬೆರಳಿನ ಗೆರೆಯಲ್ಲಿ ಇನ್ನೂ ಬಿಳಿ ಇತ್ತು. ಅಜ್ಜಿ ಅದನ್ನು ನೋಡಿಬಿಟ್ಟಿದ್ದಳು. ಹೊರಗೆ ಬರುತ್ತಲೇ, "ನಾನು ಹೇಳ್ಲಿಲ್ವಾ ಒರೆಸ್ಬೇಡಿ ಅಂತ? ವಿಭೂತಿ ಪೂರಾ ಅವಳ ಕೈಗೆ ಹೋಯ್ತು. ಅದಕ್ಕೇ ಅವಳು ಗೆದ್ದಳು," ಎಂದಳು.

"ಹಂಗಾದ್ರೆ ಬಾಕಿ ಚೀನಾದವರೆಲ್ಲ ಹೆಂಗೆ ಗೆಲ್ತಾರಮ್ಮ?" ಅಪ್ಪ ಕೇಳಿದರು.

"ಅವ್ರದ್ದು ನಂಗೇನು ಗೊತ್ತು. ಇವಳ್ದು ಹೇಳ್ದೆ," ಎಂದ ಅಜ್ಜಿ ಮತ್ತೆ, "ಹೋಗ್ಲಿ ಬಿಡು, ಆ ಮಗೂಗೂ ಒಳ್ಳೇದಾಗ್ಲಿ," ಎಂದಳು.

ಕ್ರೇನ್ ಮಾಮ ನನ್ನ ತಲೆ ಸವರಿ, "ಮೀಸೆ ಉಳೀತು ಪುಟ್ಟಿ. ಆದ್ರೆ ಬೆವರಿಳಿಸ್ಬಿಟ್ಟೆ," ಎಂದರು. ಅಮ್ಮ ಅಲ್ಲೇ ಶಿವಮೊಗ್ಗದ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ನನಗೆ ಲಂಗದ ಬಟ್ಟೆ ತೆಗೆದಳು. ಬಣ್ಣ ನಾನೇ ಆರಿಸಿದೆ. ಮನೆಗೆ ಬಂದ ಮೇಲೆ ಬ್ಯಾಟನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಅಟ್ಟಕ್ಕೆ ಇಟ್ಟವಳೂ ಅವಳೇ. ಕೊಟ್ಟ ಮಾತು ಮಾತೇ. ಅಪ್ಪ ಮೂರು ದಿನ ಕ್ಲಬ್ಬಿಗೆ ಹೋಗಲಿಲ್ಲ.

ಆ ವರ್ಷದ ಆಯುಧಪೂಜೆಗೆ ಅಜ್ಜಿ ಈಳಿಗೆಮಣೆ, ಕುಡುಗೋಲು, ಅಪ್ಪನ ಸ್ಪ್ಯಾನರ್‌ಗಳನ್ನು ಸಾಲಾಗಿ ಜೋಡಿಸಿ ಅಪ್ಪನಿಗೆ ಹೇಳಿದಳು: "ಅಟ್ಟದ ಮೇಲಿರೋ ಅದನ್ನೂ ಇಳ್ಸು."

"ಅದ್ಯಾಕತ್ತೆ ಈಗ?" ಅಮ್ಮ ಅಡುಗೆಮನೆಯಿಂದ ಬಂದಳು.

"ಅದು ಆಯುಧ ಅಲ್ವೇನೇ? ಪೂಜೆ ಆಗ್ಬೇಕು. ಪೂಜೆ ಆದದ್ದನ್ನ ನಾಳೆ ಕೈಯಲ್ಲಿ ಹಿಡೀಲೇಬೇಕು, ಇಲ್ದಿದ್ರೆ ಮನೆಗೆ ಒಳ್ಳೇದಲ್ಲ."

ಅಮ್ಮ ಅಜ್ಜಿಯನ್ನೇ ನೋಡಿದಳು. ದೇವರ ಮಾತಿನ ಎದುರು ಅವಳು ಯಾವತ್ತೂ ಮಾತಾಡಿದವಳಲ್ಲ. "ಒಂದಿನ ಮಾತ್ರ," ಎಂದು ಒಳಗೆ ಹೋದಳು. ಹಾಗೆ ಮದುವೆಯಾಗುವ ತನಕ ಪ್ರತಿ ವಿಜಯದಶಮಿಯಂದು ಬನ್ನಿ ಕೊಟ್ಟು ಬಂದ ಮೇಲೆ ನಾನು ಕ್ಲಬ್ಬಿನ ಟೇಬಲ್ ಒರೆಸಿ, ಅಪ್ಪನ ಜೊತೆ ಕತ್ತಲಾಗುವ ತನಕ ಆಡಿದೆ. ವರ್ಷಕ್ಕೊಂದು ದಿನವಾದರೂ ಸಿಕ್ಕಿತಲ್ಲ. ಕೇಳಿದ್ದ ಒಂದು ಗೇಮಿಗೆ ಬದಲು ದೇವರು ಅಷ್ಟು ದಸರೆಗಳನ್ನು ಕೊಟ್ಟ.

ಈಗ ಆ ಬ್ಯಾಟು ಶಿವಮೊಗ್ಗದ ನನ್ನ ಮನೆಯಲ್ಲಿದೆ. ರಬ್ಬರು ಒಣಗಿ ಬಿರುಕು ಬಿಟ್ಟಿದೆ, ಅದಕ್ಕೆ ಚೆಂಡು ತಾಗಿ ಎಷ್ಟೋ ಕಾಲವಾಯಿತು. ಆಯುಧಪೂಜೆಗೆ ಮಿಕ್ಸಿ, ಸ್ಕೂಟರಿನ ಕೀ, ಕತ್ತರಿಗಳ ಪಕ್ಕ ಅದನ್ನೂ ಇಡುತ್ತೇನೆ. ವಿಭೂತಿ ಹಿಡಿಗೆ ಮಾತ್ರ ಹಚ್ಚುತ್ತೇನೆ. ಆ ವರ್ಷದಿಂದ ಅಜ್ಜಿಯೂ ಹಿಡಿಗೇ ಹಚ್ಚುತ್ತಿದ್ದಳು, ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲ.