ತುಂಬುತೋಳಿನ ಶರ್ಟಿನ ರೇಟು

ಬಟ್ಟೆಯಿಲ್ಲದೆ ಓಡುವ ಹೊಲಿಗೆ ಯಂತ್ರದ ಸದ್ದೇ ಬೇರೆ. ಬಟ್ಟೆ ಇದ್ದಾಗ ಸೂಜಿ ಮೆತ್ತಗೆ ಗೊಣಗುತ್ತದೆ. ಇಲ್ಲದಾಗ ಬರಿಯ ಹಲ್ಲು ಕಡಿದಂತೆ ಟಕಟಕ ಎನ್ನುತ್ತದೆ. ಮಹಡಿಯ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಆಕೆಗೆ ಕೆಳಗಿನ ದರ್ಜಿಯ ಅಂಗಡಿಯಿಂದ ಬೆಳಿಗ್ಗೆಯಿಂದಲೂ ಆ ಒಣ ಸದ್ದೇ ಕೇಳುತ್ತಿತ್ತು. ಕೈತುಂಬ ಕೆಲಸವಿದೆ ಎಂದು ಬೀದಿಯವರು ನಂಬಲಿ ಅಂತ ಮುದುಕ ಸುಮ್ಮನೆ ಪೆಡಲ್ ತುಳಿಯುತ್ತಿದ್ದ.

ಬೀದಿಯಲ್ಲಿ ಆಕೆಗೆ ರೇಟಕ್ಕ ಎಂದೇ ಹೆಸರು. ಕೆಲಸ ಸರ್ಕಾರದ ಬೆಲೆ ಕಚೇರಿಯಲ್ಲಿ. ತಿಂಗಳು ತಿಂಗಳೂ ಅದೇ ಅಂಗಡಿಗಳಿಗೆ ಹೋಗಿ ಅದೇ ಸೋಪು, ಅದೇ ಎಣ್ಣೆ, ಅದೇ ಚಪ್ಪಲಿಯ ಬೆಲೆ ಕೇಳಿ ಬರೆದುಕೊಳ್ಳಬೇಕು. ಅಂಥ ಸಾವಿರಾರು ಬೆಲೆಗಳನ್ನು ಕೂಡಿಸಿಯೇ ದೇಶದ ಬೆಲೆಯೇರಿಕೆ ಇಷ್ಟು ಎಂದು ಪತ್ರಿಕೆಯಲ್ಲಿ ಬರುವುದು. ಮುಂದಿನ ವರ್ಷ ಹೀಗಾದೀತು ಎಂದು ದೊಡ್ಡವರು ಅಂದಾಜು ಹಾಕುವುದು.

"ಬಂದ್ರಪ್ಪ ರೇಟಕ್ಕ. ಕೇಳೋದೇ ಕೇಳೋದು, ಕೊಳ್ಳೋದು ಮಾತ್ರ ಇಲ್ಲ," ಎಂದು ಎಣ್ಣೆ ಅಂಗಡಿಯವನು ಛೇಡಿಸುತ್ತಿದ್ದ.

"ನಾನೂ ಕೊಂಡ್ರೆ ನಿನ್ನ ರೇಟು ಇನ್ನೂ ಏರುತ್ತೆ," ಎಂದು ಆಕೆಯೂ ಬಿಡುತ್ತಿರಲಿಲ್ಲ.

ದರ್ಜಿಯಲ್ಲಿ ಕೇಳಬೇಕಾದದ್ದು ಒಂದೇ: ಗಂಡಸರ ತುಂಬುತೋಳಿನ ಶರ್ಟಿನ ಹೊಲಿಗೆ ಕೂಲಿ. ಎದುರಿಗೆ ರೆಡಿಮೇಡ್ ಅಂಗಡಿ ತೆರೆದ ಮೇಲೆ ಅವನ ಗಿರಾಕಿಗಳೆಲ್ಲ ರಸ್ತೆ ದಾಟಿದ್ದರು. ಆದರೂ ರೇಟಕ್ಕ ಬರುವ ದಿನ ಅವನು ಗಡ್ಡ ಹೆರೆದುಕೊಂಡು, ಟೇಪನ್ನು ಕೊರಳಿಗೆ ಇಳಿಬಿಟ್ಟು, ಸ್ಟೂಲು ಒರೆಸಿ ಕಾಯುತ್ತಿದ್ದ. ತನ್ನನ್ನೂ ದೇಶ ಲೆಕ್ಕಕ್ಕೆ ತೆಗೆದುಕೊಂಡಿದೆ ಎಂಬ ಹೆಮ್ಮೆ. ಅದೊಂದಕ್ಕೇ ಅಂಗಡಿ ಬಾಗಿಲು ತೆಗೆಯುತ್ತಿದ್ದನೆಂದರೂ ಸರಿಯೇ.

ಕಚೇರಿಯ ನಿಯಮ ಮಾತ್ರ ಕಟ್ಟುನಿಟ್ಟು. ಬಾಯಲ್ಲಿ ಹೇಳಿದ ರೇಟು ರೇಟಲ್ಲ. ಆ ತಿಂಗಳು ಯಾರಾದರೂ ನಿಜಕ್ಕೂ ಕೊಟ್ಟದ್ದೇ ರೇಟು. ಕೊಡುವವರಿಲ್ಲದ ಅಂಗಡಿಯನ್ನು ಕೈಬಿಟ್ಟು ಬೇರೊಂದನ್ನು ಹಿಡಿಯಬೇಕು. ಹಾಗಾಗಿ ಆಕೆಯೇ ಶರ್ಟಿನ ಬಟ್ಟೆ ತಂದುಕೊಡತೊಡಗಿದಳು. ಅಳತೆ ದರ್ಜಿಗೆ ಬಾಯಿಪಾಠವಾಗಿತ್ತು. ಅದು ಆಕೆಯ ಗಂಡನದು. ಗಂಡ ತೀರಿಕೊಂಡು ಎರಡು ಬೇಸಿಗೆ ಕಳೆದಿದ್ದವು. ಆದರೂ ದರ್ಜಿ ಬಟ್ಟೆ ತೆಗೆದುಕೊಂಡು ಅದೇ ಅಳತೆಗೆ ಹೊಲಿದುಕೊಟ್ಟ. ಯಾರೂ ತೊಡದ ಹೊಸ ಶರ್ಟುಗಳು ಬೀರುವಿನಲ್ಲಿ ಒಂದರ ಮೇಲೊಂದು ಕೂತವು. ಕೆಲವು ಸಂಜೆ ಬೀರು ತೆರೆದು, ಕಾಲರಿನ ಗಟ್ಟಿ ಅಂಚನ್ನು ಬೆರಳಿನಿಂದ ಸವರಿ ಮುಚ್ಚುತ್ತಿದ್ದಳು.

ನಿನ್ನೆ ಕಚೇರಿಯಲ್ಲಿ ಸಾಹೇಬರು ಕರೆದು, "ಆ ದರ್ಜಿಗೆ ಗಿರಾಕಿ ಇದ್ದಾರೇನಮ್ಮ?" ಎಂದು ಕೇಳಿದ್ದರು.

"ಇದ್ದಾರೆ ಸರ್. ಒಬ್ಬರು."

"ಯಾರು?"

ಆಕೆ ರೇಟು ಪುಸ್ತಕದ ಹಾಳೆ ತಿರುವಿದಳು. ಸಾಹೇಬರಿಗೆ ಅರ್ಥವಾಯಿತು. ಬೈಯಲಿಲ್ಲ. "ನಾವೇ ಕೊಟ್ಟು ನಾವೇ ಬರ್ಕೊಂಡ್ರೆ ಅದು ಬೆಲೆ ಹೇಗಾಗುತ್ತೆ, ಹೇಳಿ? ಈ ತಿಂಗಳಿಂದ ಹೊಲಿಗೆ ಕೂಲಿ ಬಿಟ್ಟು ಎದುರಂಗಡಿಯ ರೆಡಿಮೇಡ್ ಶರ್ಟಿನ ರೇಟು ಹಿಡೀರಿ," ಎಂದರು.

ಅದನ್ನು ಮುದುಕನಿಗೆ ಹೇಳಬೇಕಿತ್ತು. ಆದರೂ ಆಕೆ ಹೊಸ ಬಟ್ಟೆಯ ಪೊಟ್ಟಣ ಹಿಡಿದೇ ಮೆಟ್ಟಿಲಿಳಿದಳು. ಯಂತ್ರ ನಿಂತಿತು.

"ಬಾ ತಾಯಿ. ರೇಟು ಅದೇ, ಬರ್ಕೋ."

"ಮಾಮ, ಆಫೀಸಲ್ಲಿ..."

"ಮೊದ್ಲು ಇದನ್ನ ನೋಡು." ಹೋದ ತಿಂಗಳ ಶರ್ಟನ್ನು ಬಿಡಿಸಿ ಹಿಡಿದ. ಎಡತೋಳು ಬಲತೋಳಿಗಿಂತ ಬೆರಳುದ್ದ ಗಿಡ್ಡವಾಗಿತ್ತು. "ಕೈ ನಡುಗುತ್ತೆ. ಅವನಿದ್ದಿದ್ರೆ ಇದನ್ನೇ ಹಾಕ್ಕೊಂಡು ಬೀದಿಗೆಲ್ಲ ತೋರಿಸಿ ನನ್ನ ಮಾನ ಕಳೀತಿದ್ದ."

ಆಕೆ ನಕ್ಕಳು.

"ಆ ಬಟ್ಟೆ ವಾಪಸ್ ತಗೊಂಡ್ಹೋಗು," ಎಂದ ದರ್ಜಿ, ಕೊರಳಿನ ಟೇಪನ್ನು ತೆಗೆದು ಸುತ್ತುತ್ತ. "ಅವನ ಅಳತೆ ಕೆಡಿಸೋಕೆ ನನ್ನಿಂದ ಆಗಲ್ಲ. ನೀನು ಎದುರಂಗಡೀಲೇ ಕೇಳು. ಅಲ್ಲಿ ಹೋಗಿ ಚೌಕಾಸಿಗೆ ನಿಲ್ಬೇಡ ಮತ್ತೆ, ನನ್ನ ಮರ್ಯಾದೆ ಹೋಗುತ್ತೆ."

ಆಕೆ ಹೇಳಬೇಕಾದದ್ದು ಏನೂ ಉಳಿಯಲಿಲ್ಲ. ಗಿಡ್ಡತೋಳಿನ ಶರ್ಟನ್ನು ಮಡಿಸಿಕೊಂಡು, ಕೂಲಿಯನ್ನು ಯಂತ್ರದ ಮೇಲಿಟ್ಟಳು. ಅವನು ಬೇಡ ಎನ್ನಲಿಲ್ಲ.

ರಸ್ತೆಗಿಳಿಯುವಷ್ಟರಲ್ಲಿ ಬೆನ್ನ ಹಿಂದೆ ಯಂತ್ರ ಮತ್ತೆ ಶುರುವಾಯಿತು, ಅದೇ ಒಣ ಸದ್ದು. ತಿರುಗಿ ನೋಡಲು ಧೈರ್ಯ ಸಾಲದೆ, "ಮಾಮ, ಸಂಜೆ ಬರ್ತೀನಿ, ರೇಟು ಕೇಳೋಕೇನಲ್ಲ, ಸುಮ್ನೆ ಕೂತ್ಕೊಂಡು..." ಎನ್ನುತ್ತ, ಶರ್ಟನ್ನು ಎದೆಗವಚಿಕೊಂಡು, ಎದುರಂಗಡಿಯ ಕಡೆಗೆ ನಡೆದಳು.